ಮರಳಿ ಬರುವ ದಿನಾಂಕ: ಮೈಸೂರಿನ ಹಳೆಯ ಕಟ್ಟಡಗಳು ಮತ್ತು ನಗರ ಯೋಜನೆ

(ಮೈಸೂರಿನಲ್ಲಿ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉತ್ತರಸಹಿತ ಕೊನೆಗೆ ಸೇರಿಸಿದ್ದೇನೆ.)

ಮಾನ್ಯರೇ,

ಎರಡು ದಿನಾಂಕಗಳನ್ನು ನೆನಪಿಸಿ ಮಾತು ಆರಂಭಿಸುತ್ತೇನೆ. 2012ರ ಆಗಸ್ಟ್ 25, ಶನಿವಾರ, ಈ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್ 28, ಭಾನುವಾರ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲಿನ ಭಾಗ, ದುರಸ್ತಿ ನಡೆಯುತ್ತಿದ್ದಾಗಲೇ ನೆಲಕ್ಕೆ ಬಿತ್ತು. ಎರಡೂ ಆಗಸ್ಟ್ ತಿಂಗಳ ಕೊನೆಯ ವಾರದ ಘಟನೆಗಳು, ಅಂದರೆ ಎರಡೂ ಮಳೆಗಾಲದವು. ಇದು ಬರೀ ಕಾಕತಾಳೀಯವಲ್ಲ. ಈ ಉಪನ್ಯಾಸದ ಅರ್ಧ ಭಾಗ ಆ ಮಳೆಯ ಬಗ್ಗೆಯೇ ಇದೆ.

ಆಗ ಊರಿನ ತುಂಬ ಕೇಳಿಬಂದ ಮಾತು ಒಂದೇ: "ಹಳೇ ಕಟ್ಟಡ, ಬಿತ್ತು." ಕೇಳುವುದಕ್ಕೆ ಸಹಜವಾಗಿಯೇ ಇದೆ. ಆದರೆ ಲ್ಯಾನ್ಸ್‌ಡೌನ್ ಕಟ್ಟಡ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದ ನೆನಪಿನದು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಸಿಗುವ ಜಗನ್ಮೋಹನ ಅರಮನೆ 1861ರದು. ಮೂವತ್ತು ವರ್ಷ ಹಿರಿಯ ಕಟ್ಟಡ ನಿಂತಿದೆ, ಕಿರಿಯದು ಬಿದ್ದಿದೆ. ಮಣ್ಣು ಒಂದೇ, ಮಳೆ ಒಂದೇ, ಕಟ್ಟಿದ ಕಾಲದ ಕಸುಬುಗಾರಿಕೆಯೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಬಿದ್ದದ್ದಕ್ಕೆ ವಯಸ್ಸನ್ನು ಕಾರಣವಾಗಿ ಹೇಳುವುದು ಹೇಗೆ? ನಾನು ಕಂಡಂತೆ ವ್ಯತ್ಯಾಸ ಇರುವುದು ಯಜಮಾನಿಕೆಯಲ್ಲಿ. ಒಂದಕ್ಕೆ "ಇದು ನಮ್ಮದು" ಎನ್ನುವವರಿದ್ದರು. ಇನ್ನೊಂದರಲ್ಲಿ ಒಡೆತನ ಒಬ್ಬರದು, ಬಾಡಿಗೆ ಹಲವರದು. ಮಾಳಿಗೆ ಮಾತ್ರ ಯಾರದ್ದೂ ಅಲ್ಲ.

ಮಾಳಿಗೆ ಎಂದೆ. ಕಟ್ಟಡ ಸಾಯುವುದು ಅಲ್ಲಿಂದಲೇ. ಹಳೆಯ ಕಟ್ಟಡಗಳ ದುರಸ್ತಿಯನ್ನು ಹತ್ತಿರದಿಂದ ನೋಡುತ್ತ ಬಂದವನಾಗಿ ಆ ಸಾವಿನ ದಾರಿಯನ್ನು ಹಂತಹಂತವಾಗಿ ಹೇಳಬಲ್ಲೆ. ಮಳೆನೀರು ಇಳಿಯುವ ಕೊಳವೆಯ ಬಾಯಿಗೆ ಮೊದಲ ವರ್ಷ ಒಣಗಿದ ಎಲೆ, ಪ್ಲಾಸ್ಟಿಕ್ ಚೀಲ ಸೇರಿಕೊಳ್ಳುತ್ತವೆ. ತೆಗೆಯಲು ಬೇಕಾದದ್ದು ಒಂದು ಏಣಿ, ಒಬ್ಬ ಆಳು, ಅರ್ಧ ದಿನದ ಕೂಲಿ. ತೆಗೆಯುವುದಿಲ್ಲ. ನೀರು ತಾರಸಿಯ ಮೇಲೆ ನಿಲ್ಲುತ್ತದೆ. ಕಾಗೆಯೋ ಪಾರಿವಾಳವೋ ಬಿಟ್ಟುಹೋದ ಅರಳಿ ಬೀಜ ಆ ತೇವದಲ್ಲಿ ಮೊಳೆಯುತ್ತದೆ. ಎರಡೆಲೆ ಇದ್ದಾಗ ಅದನ್ನು ಬೆರಳಿನಿಂದ ಕಿತ್ತುಹಾಕಬಹುದು. ಮೂರನೆಯ ವರ್ಷಕ್ಕೆ ಅದರ ಬೇರು ಇಟ್ಟಿಗೆಯ ಸಂದಿಗೆ ಇಳಿದು, ದಪ್ಪವಾಗಿ, ಗೋಡೆಯನ್ನು ಒಳಗಿನಿಂದ ಸೀಳತೊಡಗುತ್ತದೆ. ಅರಳಿ ಮರವಾದ್ದರಿಂದ ಕಡಿಯಲು ಕೆಲವರಿಗೆ ಮನಸ್ಸೂ ಬರುವುದಿಲ್ಲ. ಆ ಸೀಳಿನಿಂದ ಇಳಿದ ನೀರು ಮದ್ರಾಸ್ ತಾರಸಿಯ, ಅಂದರೆ ಜಂತೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಸಿ ಮಾಡಿದ ಮಾಳಿಗೆಯ, ಮರದ ಜಂತೆಗಳು ಗೋಡೆಯೊಳಗೆ ಕೂರುವ ತುದಿಗೆ ತಲುಪುತ್ತದೆ. ಜಂತೆಯ ನಡುಭಾಗ ಕಬ್ಬಿಣದಂತೆ ಗಟ್ಟಿಯಾಗಿರುತ್ತದೆ, ತುದಿ ಮಾತ್ರ ಕೊಳೆಯುತ್ತದೆ. ಕೆಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಜಂತೆಯ ತುದಿ ಗೋಡೆಯಿಂದ ಕಳಚುವ ದಿನ ಮಾತ್ರ ಅದು ಯಾರಿಗೂ ಹೇಳಿ ಕಳಚುವುದಿಲ್ಲ.

ಇದರ ಜೊತೆಗೆ ನಾವು ಒಳ್ಳೆಯ ಉದ್ದೇಶದಿಂದಲೇ ಮಾಡುವ ಅನಾಹುತವೊಂದಿದೆ. ಹಳೆಯ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿ ಅರಳಿಸಿ, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ, ಗಾರೆಯ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ಮಾಡುತ್ತಿದ್ದ ಗಾರೆ ಅದು. ಅಂತಹ ಗೋಡೆ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ. ಬಿರುಕು ಕಂಡ ಕೂಡಲೇ ನಾವು ಅದರ ಮೇಲೆ ಸಿಮೆಂಟ್ ಬಳಿಯುತ್ತೇವೆ. ಸಿಮೆಂಟ್ ಗಟ್ಟಿ, ಸುಣ್ಣ ಮೆದು ಎಂಬ ಲೆಕ್ಕಾಚಾರ ನಮ್ಮದು. ಆದರೆ ಮೆದುವಾದ ಗೋಡೆಗೆ ಗಟ್ಟಿ ಕವಚ ತೊಡಿಸಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿಯೇ ಇಲ್ಲದಂತಾಗಿ, ಗಾರೆ ಒಳಗೊಳಗೇ ಪುಡಿಯಾಗುತ್ತದೆ. ಒಮ್ಮೆ ಇಂತಹ ಗೋಡೆಯ ಸಿಮೆಂಟ್ ಪದರವನ್ನು ಮೇಸ್ತ್ರಿಯೊಬ್ಬರು ಉಳಿಯಿಂದ ಎಬ್ಬಿಸಿದಾಗ ಅದು ಹಪ್ಪಳದಂತೆ ಅಗಲವಾಗಿ ಕಳಚಿಬಂತು. ಹಿಂದಿದ್ದ ಗಾರೆಯನ್ನು ಅವರು ಬರಿ ಬೆರಳಿನಿಂದ ಕೆದಕಿ, ಹಿಟ್ಟಿನಂತೆ ಅಂಗೈಯಲ್ಲಿ ಹಿಡಿದು ತೋರಿಸಿದರು. "ಉಸಿರು ಕಟ್ಟಿ ಸತ್ತಿದೆ ಸಾರ್" ಎಂದರು. ನಾನು ಓದಿದ ಯಾವ ವರದಿಯೂ ಇಷ್ಟು ಚಿಕ್ಕದಾಗಿ ಇಷ್ಟನ್ನು ಹೇಳಿಲ್ಲ.

ಮೈಸೂರಿನಲ್ಲಿ ಇನ್ನೊಂದು ವಿಶೇಷವಿದೆ, ಅದು ದಸರಾ. ಜಂಬೂಸವಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಪಕ್ಕದಲ್ಲೇ, ಬನ್ನಿಮಂಟಪದತ್ತ ಸಾಗುತ್ತದೆ. ಹಬ್ಬ ಹತ್ತಿರ ಬಂದಂತೆ ಊರಿಗೆ ಬಣ್ಣ ಬಳಿಯುವ ಸಂಭ್ರಮ. ಬಣ್ಣ ಬೀಳುವುದು ರಸ್ತೆಗೆ ಮುಖ ಮಾಡಿದ ಗೋಡೆಗೆ; ತಾರಸಿಗಲ್ಲ, ಹಿತ್ತಿಲಿಗಲ್ಲ, ಮಳೆನೀರಿನ ಕೊಳವೆಗಂತೂ ಅಲ್ಲ. ಆನೆಯ ಮೇಲಿಂದ ಕಾಣುವಷ್ಟೇ ನಮ್ಮ ಸಂರಕ್ಷಣೆ ಎಂದು ನಾನು ಆಗಾಗ ತಮಾಷೆ ಮಾಡುವುದುಂಟು. ತಮಾಷೆ ಪೂರ್ತಿ ಸುಳ್ಳೂ ಅಲ್ಲ.

ಇಷ್ಟು ಗೋಡೆಯ ಮಾತಾಯಿತು. ಈಗ ಗೋಡೆಯ ಒಳಗಿರುವವರ ಕಡೆಗೆ ಬರುತ್ತೇನೆ. ಹಳೆಯ ಕಟ್ಟಡವನ್ನು ಉಳಿಸುವುದು ಗಾರೆ ಕೆಲಸದವರ ವಿಷಯ ಎಂದಾಗಲಿ, ಪುರಾತತ್ತ್ವ ಇಲಾಖೆಯ ವಿಷಯ ಎಂದಾಗಲಿ ತಿಳಿದಿರುವವರೆಗೆ ನಾವು ಗೆಲ್ಲುವುದಿಲ್ಲ. ಅದು ನಗರ ಯೋಜನೆಯ ವಿಷಯ. ಬಾಡಿಗೆ, ಗಾಡಿ ನಿಲುಗಡೆ, ಚರಂಡಿ, ಸರಕು ಇಳಿಸುವ ಹೊತ್ತು, ಇವೆಲ್ಲದರ ಜೊತೆ ಹೆಣೆದುಕೊಂಡ ವಿಷಯ.

ದೇವರಾಜ ಮಾರುಕಟ್ಟೆಯನ್ನೇ ನೋಡಿ. ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕವರಿಗೆ ಕುಂಕುಮ, ಅರಿಶಿನ, ಬಣ್ಣದ ಪುಡಿಗಳ ಗೋಪುರಗಳು ಕಾಣುತ್ತವೆ. ಹೊರದೇಶದವರು ಫೋಟೊ ತೆಗೆಯುವುದು ಅವನ್ನೇ. ಆದರೆ ಆ ಮಾರುಕಟ್ಟೆಯ ಜೀವ ಇರುವುದು ಬೆಳಗಿನ ಜಾವದ ವ್ಯಾಪಾರದಲ್ಲಿ. ಹೂವಿನ ಸಾಲಿನಲ್ಲಿ ಮೈಸೂರು ಮಲ್ಲಿಗೆಯನ್ನು ಮೊಳ ಹಾಕಿ, ಮಾರು ಹಾಕಿ ಕೊಡುವ ಕೈಗಳು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ವೀಳ್ಯದೆಲೆಯ ಕಟ್ಟುಗಳು, ಗೊನೆಗಟ್ಟಲೆ ತೂಗುಹಾಕಿದ ನಂಜನಗೂಡು ರಸಬಾಳೆ. ಈ ಮೂರಕ್ಕೂ ಭೌಗೋಳಿಕ ಸೂಚಕದ (ಜಿಐ, ಇಂಥ ಊರಿನದು ಎಂಬ ಹೆಸರಿಗೆ ಸಿಗುವ ರಕ್ಷಣೆ) ಮಾನ್ಯತೆ ಇದೆ. ಅಂದರೆ ಬೆಳೆಗೆ ಕಾನೂನಿನ ರಕ್ಷಣೆ ಉಂಟು, ಆ ಬೆಳೆ ಬಂದು ಕೂರುವ ಜಗಲಿಗೆ ಇಲ್ಲ. ಸುತ್ತಮುತ್ತಲ ಹಳ್ಳಿಗಳಿಂದ ಹೂವು, ಎಲೆ ತರುವವರಿಗೆ ಇಂಥ ಸಾಲಿನಲ್ಲಿ ಇಂಥವರು ಕೊಳ್ಳುತ್ತಾರೆ ಎಂಬ ಗುರುತಿದೆ. ಸಾಲಗೀಲ ನಡೆಯುವುದು ಆ ಗುರುತಿನ ಮೇಲೆಯೇ. ಕಟ್ಟಡವನ್ನು ಅಷ್ಟೇ ಚೆಂದವಾಗಿ ಬೇರೆಡೆ ಕಟ್ಟಿಕೊಟ್ಟರೂ ಈ ಗುರುತನ್ನು ಲಾರಿಯಲ್ಲಿ ಸಾಗಿಸಲಾಗದು.

ಮೈಸೂರಿಗೆ ನಗರ ಯೋಜನೆ ಹೊಸದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗ್ ಸಂಸ್ಥಾನಕ್ಕೆ ಕಾಲಿಟ್ಟಿತು. ಇಕ್ಕಟ್ಟಾದ ಓಣಿಗಳ ಭಯ ಎಲ್ಲೆಡೆ ಹಬ್ಬಿದ್ದ ಆ ಕಾಲದಲ್ಲಿ, 1903ರಲ್ಲಿ, ಇಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಮುಂಬೈಯಲ್ಲಿ ಅಂತಹ ಸಂಸ್ಥೆ 1898ರಲ್ಲಿ ಆಗಿತ್ತು. ದೇಶದ ಬಹಳಷ್ಟು ನಗರಗಳಿಗಿಂತ ನಾವು ಮುಂದಿದ್ದೆವು. ಹೊಸ ಬಡಾವಣೆಗಳು, ಅಗಲ ರಸ್ತೆಗಳು, ವೃತ್ತಗಳು, ಮನೆಗಳ ಹಿಂಬದಿಯ ಓಣಿಗಳು ಆ ಕಾಲದ ಕಾಣಿಕೆ. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿಯಿತು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ದೊಡ್ಡ ಗಡಿಯಾರ ಎದ್ದಿತು. ಇಂದು ನಾವು ಪರಂಪರೆ ಎಂದು ಕರೆಯುತ್ತಿರುವ ಬಹುಪಾಲು ಆ ಕಾಲಕ್ಕೆ ಹೊಸ ಯೋಜನೆಯಾಗಿತ್ತು. ಪರಂಪರೆ ಒಂದು ಕಡೆ, ಅಭಿವೃದ್ಧಿ ಇನ್ನೊಂದು ಕಡೆ ಎಂದು ಎದುರುಬದುರು ನಿಲ್ಲಿಸುವವರು ಇದನ್ನು ಗಮನಿಸಬೇಕು.

ಆಮೇಲೆ ಏನಾಯಿತು? ಬಡಾವಣೆ ಮಾಡಿ ನಿವೇಶನ ಹಂಚುವುದೇ ಯೋಜನೆ ಎಂದಾಯಿತು. ಊರು ಹೊರಕ್ಕೆ ಬೆಳೆಯುವ ಬಗೆಯನ್ನು ಮಹಾಯೋಜನೆಗಳು (ಮಾಸ್ಟರ್ ಪ್ಲಾನ್) ಬಣ್ಣಬಣ್ಣದ ನಕ್ಷೆಗಳಲ್ಲಿ ತೋರಿಸಿದವು. ಊರ ನಡುವಿನ ಹಳೆಯ ಭಾಗ ಮಾತ್ರ "ವಾಣಿಜ್ಯ" ಎಂಬ ಒಂದೇ ಬಣ್ಣದಲ್ಲಿ ಕರಗಿಹೋಯಿತು. ನಗರದ ಇನ್ನೂರಕ್ಕೂ ಹೆಚ್ಚು ಕಟ್ಟಡಗಳು ಪಾರಂಪರಿಕವೆಂದು ಪಟ್ಟಿಯಾಗಿದ್ದರೂ, ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾವ ಕಟ್ಟಡದ ಕೊಳವೆಯೂ ಸ್ವಚ್ಛವಾಗುವುದಿಲ್ಲ.

ಈಗ ಬಾಡಿಗೆದಾರರ ಸಂಗತಿ. ಸಾರ್ವಜನಿಕ ಒಡೆತನದ ಹಳೆಯ ಮಳಿಗೆಗಳಲ್ಲಿ ಬಾಡಿಗೆ ಹಳೆಯ ಕಾಲದ್ದೇ ಆಗಿರುವುದು ಸಾಮಾನ್ಯ. ಇಷ್ಟು ಕಡಿಮೆ ಬಾಡಿಗೆಯಲ್ಲಿ ದುರಸ್ತಿ ಹೇಗೆ ಎಂದು ಕಟ್ಟಡದ ಒಡೆತನ ಇರುವವರು ಕೇಳುತ್ತಾರೆ. ದುರಸ್ತಿಯೇ ಇಲ್ಲದ ಮಳಿಗೆಗೆ ಹೆಚ್ಚು ಬಾಡಿಗೆ ಏಕೆ ಎಂದು ವ್ಯಾಪಾರಿಗಳು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ನಡುವೆ ಮಳೆ ಬರುತ್ತದೆ. ಕೊನೆಗೊಂದು ದಿನ "ಅಪಾಯಕಾರಿ, ತೆರವು ಮಾಡಿ" ಎಂಬ ನೋಟಿಸು ಅಂಟುತ್ತದೆ. ವ್ಯಾಪಾರಿಗಳು ಜಾಗ ಬಿಡುವುದಿಲ್ಲ. ಅವರನ್ನು ಹಟಮಾರಿಗಳು ಎನ್ನುವುದು ಸುಲಭ. ಆದರೆ ಅವರ ಕಣ್ಣ ಮುಂದೆಯೇ ಒಂದು ಉದಾಹರಣೆ ಇದೆಯಲ್ಲ! ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೆಯ ಪುಸ್ತಕದ ಅಂಗಡಿಗಳಿದ್ದವು. ಈ ಊರಿನಲ್ಲಿ ಓದಿದ ಎಷ್ಟೋ ಮಂದಿ ಪಠ್ಯಪುಸ್ತಕವನ್ನು ಅಲ್ಲೇ ಅರ್ಧ ಬೆಲೆಗೆ ಕೊಂಡು, ಪರೀಕ್ಷೆ ಮುಗಿದ ಮೇಲೆ ಅಲ್ಲೇ ಕಾಲು ಬೆಲೆಗೆ ಮಾರಿದವರು. 2012ರಲ್ಲಿ ಮುಚ್ಚಿದ ಬಾಗಿಲು ವರ್ಷಗಳು ಉರುಳಿದರೂ ತೆರೆಯಲಿಲ್ಲ. ಅದನ್ನು ನೋಡಿದ ಪಕ್ಕದ ಮಾರುಕಟ್ಟೆಯ ವ್ಯಾಪಾರಿ "ಆರು ತಿಂಗಳು ಬಿಟ್ಟುಕೊಡಿ, ದುರಸ್ತಿ ಮಾಡಿ ಕೊಡುತ್ತೇವೆ" ಎಂಬ ಮಾತನ್ನು ಯಾವ ಧೈರ್ಯದ ಮೇಲೆ ನಂಬಬೇಕು?

ಹಿಂದೊಮ್ಮೆ ಬೇರೊಂದು ಊರಿನ ಹಳೆಯ ಮಾರುಕಟ್ಟೆಯ ಕುರಿತ ಸಭೆಗೆ ಹೋಗಿದ್ದೆ. ಗೋಡೆಯ ಮೇಲೆ ದೊಡ್ಡ ಚಿತ್ರಗಳು, ಕಮಾನುಗಳಿಗೆ ಬೀಳಲಿರುವ ಬೆಳಕಿನ ವಿನ್ಯಾಸ, ನೆಲಕ್ಕೆ ಹಾಸಲಿರುವ ಕಲ್ಲು, ಎಲ್ಲವನ್ನೂ ವಿವರಿಸಿದರು. ಒಂದೂವರೆ ಗಂಟೆ ಕೇಳಿಸಿಕೊಂಡ ಮೇಲೆ ಹಿಂದಿನ ಸಾಲಿನಿಂದ ಹೂ ಮಾರುವ ಅಜ್ಜಿಯೊಬ್ಬರು ಎದ್ದು, "ಎಲ್ಲಾ ಸರಿ ಕಣಪ್ಪಾ, ನಾನು ವಾಪಸ್ ಬಂದು ಕೂರೋದು ಯಾವತ್ತು? ತಾರೀಕು ಹೇಳು" ಎಂದರು. ವೇದಿಕೆಯ ಮೇಲಿದ್ದವರಲ್ಲಿ ಉತ್ತರವಿರಲಿಲ್ಲ. ನನ್ನಲ್ಲೂ ಇರಲಿಲ್ಲ. ಅಂದಿನಿಂದ ಯಾವ ಸಂರಕ್ಷಣಾ ಯೋಜನೆಯ ಕಡತ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಆ ತಾರೀಕನ್ನು. ಬಹುತೇಕ ಕಡತಗಳಲ್ಲಿ ಅದು ಇರುವುದಿಲ್ಲ.

ಕಾನೂನಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ಸ್ಮಾರಕ ಕಾನೂನುಗಳು ಗುಡಿ, ಕೋಟೆ, ಶಾಸನಗಳಂತಹವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಎಂದು 2010ರ ತಿದ್ದುಪಡಿ ಹೇಳುತ್ತದೆ. ಕಲ್ಲಿನ ಗುಡಿಗೆ ಇದು ಬೇಲಿ. ಪಕ್ಕದಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಮನೆಯವರಿಗೆ, ಶ್ರೀರಂಗಪಟ್ಟಣದಂತಹ ಊರಿನಲ್ಲಿ, ಒಂದು ಕೋಣೆ ಹೆಚ್ಚಿಸಲೂ ತೊಡಕು. ಇದರ ಕಟು ರೂಪವನ್ನು ಹಂಪಿಯಲ್ಲಿ ನೋಡಿದೆವು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ಎಬ್ಬಿಸಲಾಯಿತು. ಮಂಟಪಗಳಿಗೆ ಅವರಿಂದ ಹಾನಿಯಾಗುತ್ತಿತ್ತು ಎಂಬುದು ಸುಳ್ಳಲ್ಲ. ಇಟ್ಟಿಗೆ, ಸಿಮೆಂಟು ತುಂಬಿ ಕಲ್ಲಿನ ಕಂಬಗಳೇ ಕಾಣದಂತಾಗಿದ್ದವು. ಆದರೆ ಬಜಾರೆಂದು ಕಟ್ಟಿದ ಜಾಗದಲ್ಲಿ ವ್ಯಾಪಾರವೇ ಇಲ್ಲದಂತೆ ಮಾಡಿ, ಅದನ್ನೇ ಸಂರಕ್ಷಣೆ ಎನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಚಿಂತನೆ ನಮ್ಮ ನೆಲದಲ್ಲೇ ನೂರು ವರ್ಷ ಹಿಂದೆ ಬಂದಿತ್ತು. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು, ಮದ್ರಾಸ್ ಪ್ರಾಂತದ ಹಲವು ಊರುಗಳನ್ನು ಕಾಲ್ನಡಿಗೆಯಲ್ಲಿ ನೋಡಿ, ಇಕ್ಕಟ್ಟಾದ ಕೇರಿಯ ನಡುವೆ ನೇರ ಗೆರೆ ಎಳೆದು ರಸ್ತೆ ಹಾಯಿಸುವ ಅಂದಿನ ಎಂಜಿನಿಯರುಗಳ ಪದ್ಧತಿಯನ್ನು ಕಟುವಾಗಿ ಟೀಕಿಸಿದರು. ತೀರಾ ಶಿಥಿಲವಾದ ಒಂದೆರಡು ಮನೆ ತೆಗೆದು ಗಾಳಿ ಬೆಳಕಿಗೆ ಅವಕಾಶ ಮಾಡಿ, ಅಲ್ಲೊಂದು ಮರ, ಒಂದು ಕಟ್ಟೆ ಬರುವಂತೆ ನೋಡಿಕೊಂಡು, ಉಳಿದವರನ್ನು ಅವರವರ ಜಾಗದಲ್ಲೇ ಇರಗೊಡುವುದು ಅವರ ಸಲಹೆ. ಹಳೆಯ ಊರಿಗೆ ಶಸ್ತ್ರಚಿಕಿತ್ಸೆ ಬೇಕಾದರೂ ಅದು ಮಿತವಾಗಿರಬೇಕು ಎಂಬುದು ಅವರ ನಿಲುವಾಗಿತ್ತು. ಖರ್ಚು ಕಡಿಮೆ ಎಂಬುದನ್ನೂ ಲೆಕ್ಕ ಹಾಕಿ ತೋರಿಸಿದರು. ಬಹುಶಃ ಅದೇ ಅವರ ಸಲಹೆಗೆ ಮುಳುವಾಯಿತೋ ಏನೋ; ಕಡಿಮೆ ಖರ್ಚಿನ ಕೆಲಸಕ್ಕೆ ಟೆಂಡರಿನ ಉತ್ಸಾಹ ಕಡಿಮೆ.

ಉಳಿದುಕೊಂಡ ಕಟ್ಟಡ ಯಾವುದಕ್ಕೆ ಉಳಿಯಿತು ಎಂಬುದಕ್ಕೆ ಬೆಂಗಳೂರಿನ ಅಠಾರ ಕಚೇರಿಯನ್ನು ನೋಡಬೇಕು. 1860ರ ದಶಕದಲ್ಲಿ ಕಟ್ಟಿದ, ಇಂದು ಹೈಕೋರ್ಟ್ ಇರುವ ಆ ಕೆಂಪು ಕಟ್ಟಡವನ್ನು 1980ರ ದಶಕದ ಆರಂಭದಲ್ಲಿ ಕೆಡವುವ ಆಲೋಚನೆ ನಡೆದಿತ್ತು. ಕಾರಣ ಜಾಗ ಸಾಲದು ಎಂಬುದು. ನಾಗರಿಕರು ನ್ಯಾಯಾಲಯಕ್ಕೆ ಹೋದರು, ಕಟ್ಟಡ ಉಳಿಯಿತು. ಈ ಕಥೆಯಲ್ಲಿ ಹೋರಾಟದ ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆಮೇಲಿನದು: ಸಾಲದೆ ಬಂದ ಜಾಗವನ್ನು ಹಿಂಬದಿಯಲ್ಲಿ ಕಟ್ಟಿಕೊಂಡು, ಹಳೆಯ ಕಟ್ಟಡದಲ್ಲಿ ಹಳೆಯ ಕೆಲಸವನ್ನೇ ಮುಂದುವರಿಸಿದರು. ದಿನವೂ ನ್ಯಾಯಮೂರ್ತಿಗಳು ಕೂರುವ ಕೋಣೆಯ ಸೂರು ಸೋರಿದರೆ ಅದೇ ದಿನ ಗೊತ್ತಾಗುತ್ತದೆ.

ಹಾಗಾದರೆ ಮೈಸೂರಿನಂತಹ ಊರಿನ ಮಾರುಕಟ್ಟೆಗೆ ನಾನು ಹೇಳುವುದೇನು? ಒಂದೇ ಸಲಕ್ಕೆ ಎಲ್ಲರನ್ನೂ ಎಬ್ಬಿಸಬೇಡಿ. ಸಾಲುಗಳಾಗಿ ಹರಡಿರುವ ಕಟ್ಟಡವನ್ನು ಸಾಲುಸಾಲಾಗಿಯೇ ದುರಸ್ತಿ ಮಾಡಬಹುದು. ಹೂವಿನ ಸಾಲಿನವರು ಕೆಲವು ತಿಂಗಳು ಹೊರಗಿನ ಅಂಗಳದಲ್ಲಿ ಕೂತು, ತಮ್ಮ ಸಾಲಿಗೆ ಮರಳಿದ ಮೇಲೆ ಎಲೆಯ ಸಾಲಿನವರು ಏಳುತ್ತಾರೆ. ಮೊದಲ ಸಾಲಿನವರು ಹೇಳಿದ ತಾರೀಕಿಗೆ ಮರಳಿದರೆ ಎರಡನೆಯ ಸಾಲಿನವರನ್ನು ಒಪ್ಪಿಸಲು ಯಾವ ಸಭೆಯೂ ಬೇಕಾಗುವುದಿಲ್ಲ. ಮರಳುವ ದಿನ, ಮಳಿಗೆಯ ಸಂಖ್ಯೆ, ಹೊಸ ಬಾಡಿಗೆ, ಈ ಮೂರೂ ಕರಾರಿನಲ್ಲಿ ಕನ್ನಡದಲ್ಲಿ ಬರೆದಿರಬೇಕು. ಬಾಡಿಗೆ ಏರಲಿ, ಆದರೆ ಏರಿದ ಭಾಗ ಆ ಕಟ್ಟಡದ ನಿರ್ವಹಣೆಗೆಂದೇ ಇಟ್ಟ ಬೇರೆ ಖಾತೆಗೆ ಹೋಗಲಿ, ಮತ್ತು ಆ ಖಾತೆಯ ಲೆಕ್ಕವನ್ನು ಮಾರುಕಟ್ಟೆಯ ಬಾಗಿಲಲ್ಲಿ ವರ್ಷಕ್ಕೊಮ್ಮೆ ಅಂಟಿಸಲಿ. ಮಹಾಯೋಜನೆಯ ಕರಡನ್ನು ಆಕ್ಷೇಪಣೆಗೆ ಇಟ್ಟಾಗ, ಇಡೀ ನಗರವನ್ನು ಒಂದು ಹಾಳೆಯಲ್ಲಿ ಮಡಚಿ ತೋರಿಸಿದರೆ ಯಾವ ವ್ಯಾಪಾರಿಗೂ ತನ್ನ ಅಂಗಡಿ ಸಿಗದು. ಮೊಹಲ್ಲಾಗೊಂದರಂತೆ, ಮನೆ ಅಂಗಡಿಗಳು ಕಾಣುವಷ್ಟು ದೊಡ್ಡದಾಗಿ ನಕ್ಷೆ ತೂಗುಹಾಕಬೇಕು. ನಗರಗಳ ಸ್ಥಳೀಯ ಆಡಳಿತದ ಕುರಿತ ಸಂವಿಧಾನದ 74ನೆಯ ತಿದ್ದುಪಡಿ ಬಂದು ಮೂವತ್ತು ವರ್ಷ ದಾಟಿದೆ. ವಾರ್ಡ್ ಸಮಿತಿ ಎಂಬುದು ಅದರಲ್ಲಿದೆ. ಅದಕ್ಕೆ ಕೆಲಸ ಕೊಡಬೇಕೆಂದರೆ ಬೇಸಿಗೆಯ ಕೊನೆಯಲ್ಲಿ, ಮುಂಗಾರಿಗೆ ಮುನ್ನ, ತನ್ನ ವಾರ್ಡಿನ ಪಟ್ಟಿಯಲ್ಲಿರುವ ಕಟ್ಟಡಗಳ ಮಾಳಿಗೆ ಹತ್ತಿ ನೋಡಿ ಬರೆದಿಡುವ ಕೆಲಸ ಕೊಡಿ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳು ಇವು.

ಖಾಸಗಿ ಮನೆಗಳ ಗತಿ ಏನು ಎಂದು ಅಗ್ರಹಾರದ ನಿವಾಸಿಯೊಬ್ಬರು ಕೇಳಿದರು. ಅಣ್ಣತಮ್ಮಂದಿರ ಪಾಲು, ಏರಿದ ಭೂಮಿ ಬೆಲೆ, ವಿದೇಶದಲ್ಲಿರುವ ಮಕ್ಕಳು, ಹೆಂಚು ಬದಲಿಸಲು ಆಳು ಸಿಗದಿರುವುದು, ಎಲ್ಲವನ್ನೂ ಹೇಳಿಕೊಂಡರು. ಅವರಿಗೆ ಪರಂಪರೆಯ ಉಪದೇಶ ಮಾಡಲು ನನಗೆ ನಾಲಗೆ ಏಳಲಿಲ್ಲ. ಊರಿನ ಚೆಂದಕ್ಕಾಗಿ ಒಬ್ಬರ ಮನೆ ಉಳಿಯಬೇಕಾದರೆ ಊರೇ ಅದರ ಖರ್ಚಿನಲ್ಲಿ ಪಾಲು ಹೊರಬೇಕು. ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಮೇಲೆ ಕಟ್ಟದೆ ಬಿಟ್ಟ ಅಂತಸ್ತಿನ ಹಕ್ಕನ್ನು ಬೇರೆಡೆ ಮಾರುವ ಅವಕಾಶ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳ ಒಂದು ಪಟ್ಟಿ, ಇಷ್ಟಾದರೂ ಇಲ್ಲದೆ ಬರೀ ನಿರ್ಬಂಧ ಹೇರಿದರೆ ಮನೆ ತಾನಾಗಿ ಬೀಳಲಿ ಎಂದು ಕಾಯುವವರೇ ಹೆಚ್ಚುತ್ತಾರೆ.

ಇನ್ನೊಬ್ಬ ಯುವಕರು, ಹಾಗಾದರೆ ಯಾವುದನ್ನೂ ಕೆಡವಲೇಬಾರದೇ ಎಂದು ಕೇಳಿದರು. ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ತಜ್ಞರಲ್ಲೇ ಎರಡು ಪಕ್ಷಗಳಿದ್ದು, ದುರಸ್ತಿ ಸಾಧ್ಯ ಎಂದವರೂ ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೆಂದವರೂ ಇದ್ದು, ವಿವಾದ ನ್ಯಾಯಾಲಯದವರೆಗೆ ಹೋದದ್ದು ಎಲ್ಲರಿಗೂ ಗೊತ್ತಿದೆ. ನನ್ನ ಒಲವು ದುರಸ್ತಿಯ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಕೆಡವಬೇಕಾದ ಕಟ್ಟಡಗಳು ಇರುತ್ತವೆ, ನಾಲ್ಕು ಜೀವ ಹೋದ ಊರಿನಲ್ಲಿ ನಿಂತು ಇಲ್ಲ ಎನ್ನಲಾರೆ. ಹಾಗೆ ಕೆಡವುವ ಮುನ್ನ ಪ್ರತಿ ಕಮಾನಿನ, ಪ್ರತಿ ಜಂತೆಯ ಅಳತೆ ತೆಗೆದು ನಕ್ಷೆ ಮಾಡಿಡಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅದೇ ನಕ್ಷೆಯ ಮೇಲೆ ಯಾವ ಸಾಲಿನಲ್ಲಿ ಯಾರು ಕೂರುತ್ತಿದ್ದರು, ಏನು ಮಾರುತ್ತಿದ್ದರು, ಸರಕು ಯಾವ ಬಾಗಿಲಿನಿಂದ ಎಷ್ಟು ಹೊತ್ತಿಗೆ ಬರುತ್ತಿತ್ತು ಎಂಬುದನ್ನೂ ಬರೆದಿಡಿ ಎಂದು ಆ ಯುವಕರಿಗೆ ಹೇಳಿದೆ. ಅವರು ವಾಸ್ತುಶಿಲ್ಪದ ವಿದ್ಯಾರ್ಥಿಯಂತೆ. ಮುಂದಿನ ಭಾನುವಾರ ಬೆಳಗಿನ ಜಾವ ಐದಕ್ಕೆ ನಾವಿಬ್ಬರೂ ಮಾರುಕಟ್ಟೆಯ ಹೂವಿನ ಸಾಲಿನಿಂದ ಆ ನಕ್ಷೆ ಆರಂಭಿಸುವುದೆಂದು ಮಾತಾಯಿತು.